ಮಂಗಳೂರಿನಲ್ಲಿ ಟಿಕೆಟ್ ಇಲ್ಲದೆ ಸುತ್ತಾಡಲು ಏನೇನಿದೆ?

ಗಾಂಧಿಚೌಕ_ವಿಜಯಪುರ

ನಮಸ್ಕಾರ ರೀ. ಡಿಸೆಂಬರ್ ಕೊನೇ ವಾರ ರೈಲಿನಲ್ಲಿ ಮಂಗಳೂರಿಗೆ ಹೊರಟಿದ್ದೇವೆ. ನಾನು, ಹೆಂಡತಿ, ಮೂರನೇ ಕ್ಲಾಸಿನ ಮಗ, ಜೊತೆಗೆ ಅವ್ವ. ಉಳಿಯಲು ನೆಂಟರ ಮನೆ ಇದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತೇವೆ. ಆದರೆ ಹಗಲೆಲ್ಲ ಅವರ ಮನೆಯಲ್ಲೇ ಕೂತರೆ ಅವರಿಗೂ ಕಷ್ಟ, ನಮಗೂ ಬೇಜಾರು. ವಾಟರ್ ಪಾರ್ಕ್, ಮಾಲ್ ಬೇಡ. ದುಡ್ಡು ಕೊಡದೆ ಹೊರಗೆ ಓಡಾಡುವ ಜಾಗ ಹೇಳಿ. ಬಿಸಿಲಿನ ಚಿಂತೆ ಇಲ್ಲ, ವಿಜಯಪುರದವರು ನಾವು! ಮಗ ಇನ್ನೂ ಸಮುದ್ರ ನೋಡಿಲ್ಲ.

ತಿಕೋಟಾ_ದ್ರಾಕ್ಷಿ

ಪಣಂಬೂರು ಬೀಚಿಗೆ ಹೋಗಿ, ಮುಗೀತು. ಊರಿನಿಂದ ಹತ್ತು ಕಿಲೋಮೀಟರ್ ಆಸುಪಾಸು, ಸಿಟಿ ಬಸ್ ಸಿಗುತ್ತದೆ. ಹುಡುಗ ಒಂಟೆ ಹತ್ತುತ್ತೇನೆ ಅಂದರೆ ಮಾತ್ರ ಜೇಬಿಗೆ ಕೈ ಹಾಕಬೇಕು.

ನಿವೃತ್ತ_ಗುಮಾಸ್ತ

ನೌಕರಿ ಪೂರ್ತಿ ಮಂಗಳೂರಲ್ಲೇ ಮಾಡಿ, ಈಗ ವಿಜಯಪುರದಲ್ಲಿ ಮನೆ ಮಾಡಿಕೊಂಡಿದ್ದೇನೆ. ಮೊದಲು ಆ ಬಿಸಿಲಿನ ಮಾತಿಗೆ ಬರ್ತೀನಿ. ನಮ್ಮ ಕಡೆ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೂ ಗಾಳಿ ಒಣ. ಬೆವರು ಬಂದದ್ದೇ ಆರುತ್ತದೆ, ಮೈ ತಂಪಾಗುತ್ತದೆ. ಅಲ್ಲಿ ಡಿಸೆಂಬರ್ ಮಧ್ಯಾಹ್ನ 32–33 ಇದ್ದರೂ ಗಾಳಿಯಲ್ಲೇ ನೀರು. ಬೆವರು ಆರುವುದೇ ಇಲ್ಲ, ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಹನ್ನೊಂದರಿಂದ ಮೂರೂವರೆ ತನಕ ಮರಳಿನ ಹತ್ತಿರ ಸುಳಿಯಬೇಡಿ. ಆ ಹೊತ್ತಿನಲ್ಲಿ ನೆಂಟರ ಮನೆಯಲ್ಲಿ ಮಲಗಿದರೆ ಯಾರೂ ಏನೂ ಅಂದುಕೊಳ್ಳಲ್ಲ, ಅವರೂ ಮಲಗಿರುತ್ತಾರೆ.

ಪಣಂಬೂರು ಕೆಟ್ಟದ್ದಲ್ಲ, ಜೀವರಕ್ಷಕರೂ ಇರುತ್ತಾರೆ. ಆದರೆ ಡಿಸೆಂಬರ್ ಅಂದರೆ ಶಾಲಾ ಪ್ರವಾಸದ ಕಾಲ, ಎಲ್ಲ ಬಸ್ಸೂ ಅಲ್ಲೇ ನಿಲ್ಲುತ್ತವೆ. ನಾನಾದರೆ ತಣ್ಣೀರುಬಾವಿಗೆ ಹೋಗ್ತೀನಿ, ಅದೂ ರಸ್ತೆಯಲ್ಲಿ ಅಲ್ಲ. ನಾಲ್ಕು ಗಂಟೆಗೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಬನ್ನಿ. ಗುರುಪುರ ಹೊಳೆಯೊಳಗೆ ಶತ್ರುಗಳ ಹಡಗು ನುಗ್ಗದಂತೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಗೋಪುರ ಅದು. ನಮ್ಮ ಉಪ್ಪಲಿ ಬುರುಜು ಹತ್ತಿದವರಿಗೆ ಆಟಿಕೆ ಹಾಗೆ ಕಾಣುತ್ತದೆ, ಹತ್ತು ನಿಮಿಷ ಸಾಕು. ಆದರೂ ಅದರ ಕಿಂಡಿಗಳಿಂದ ಹೊಳೆ ಇಣುಕಿ ನೋಡುವುದು ಹುಡುಗರಿಗೆ ಖುಷಿ.

ಕೆಳಗೆ ದೋಣಿ ಸಿಗುತ್ತದೆ. ಕೆಲವೇ ರೂಪಾಯಿ. ಪುಕ್ಕಟೆ ಅಲ್ಲ ನಿಜ, ಆದರೆ ಇದೊಂದಕ್ಕೆ ಜಿಪುಣತನ ಬೇಡ. ಆಚೆ ದಡದಲ್ಲಿ ಇಳಿದು ಸ್ವಲ್ಪ ನಡೆದರೆ ಕಡಲು. ಹಿಂದೆ ಹೊಳೆ, ಮುಂದೆ ಕಡಲು, ನಡುವೆ ಬರೀ ಮರಳಿನ ಪಟ್ಟಿ. ಆ ಪಟ್ಟಿ ದಕ್ಷಿಣಕ್ಕೆ ಬೆಂಗ್ರೆ ತನಕ ಹೋಗುತ್ತದೆ. ಅದರ ತುದಿಯೇ ಅಳಿವೆ ಬಾಗಿಲು. ನೇತ್ರಾವತಿ, ಗುರುಪುರ ಎರಡೂ ಕಡಲು ಸೇರುವುದು ಅಲ್ಲೇ, ಮೀನಿನ ದೋಣಿಗಳು ಒಳಗೆ ಬರುವುದೂ ಅಲ್ಲಿಂದಲೇ. ನಿಮ್ಮ ಮಗ ಕೃಷ್ಣೆ ನೋಡಿರುತ್ತಾನೆ, ನಮ್ಮ ಡೋಣಿ ಹೊಳೆ ನೋಡಿರುತ್ತಾನೆ. ಹೊಳೆ ಮುಗಿಯುವ ಜಾಗ ನೋಡಿರಲ್ಲ. ಅದನ್ನು ತೋರಿಸಬೇಕು ಅಂದರೆ ಇನ್ನೊಂದು ದಿನ ಹಳೇ ಬಂದರಿನಿಂದ ಬೆಂಗ್ರೆ ದೋಣಿ ಹಿಡಿಯಿರಿ. ತಣ್ಣೀರುಬಾವಿಯಿಂದ ನಡೆಯಲು ದೂರ ಜಾಸ್ತಿ.

ಸೂರ್ಯ ಮುಳುಗುವುದು ಆರು ದಾಟಿ ಹತ್ತು-ಹದಿನೈದು ನಿಮಿಷಕ್ಕೆ. ಕೊನೇ ದೋಣಿ ಎಷ್ಟಕ್ಕೆ ಅಂತ ಇಳಿಯುವಾಗಲೇ ಕೇಳಿಟ್ಟುಕೊಳ್ಳಿ.

ಇನ್ನೊಂದು ಮಾತು. ಕಾಲು ತೋಯಿಸಿದರೆ ಸಾಕು, ಈಜಬೇಡಿ. ಬಾವಿಯಲ್ಲಿ ಈಜು ಕಲಿತ ನಮ್ಮ ಕಡೆಯವರೇ ಜಾಸ್ತಿ ಧೈರ್ಯ ಮಾಡೋದು. ಬಾವಿ ನೀರು ನಿಮ್ಮನ್ನು ಎಳೆಯಲ್ಲ, ಕಡಲು ಎಳೆಯುತ್ತದೆ. ಅಕಸ್ಮಾತ್ ಎಳೆದರೆ ನೇರ ದಡದ ಕಡೆ ಗುದ್ದಾಡಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಬೇಕು. ಉಳ್ಳಾಲದ ಸೋಮೇಶ್ವರ ಸಂಜೆ ನೋಡಲು ಬಹಳ ಚಂದ. ಆದರೆ ಅಲ್ಲಿ ನೀರಿಗೆ ಇಳಿಯಲೇಬೇಡಿ, ಅಲೆ ಬಡಿಯುವ ಬಂಡೆಗಳ ಮೇಲೂ ಹತ್ತಬೇಡಿ.

ಗಾಂಧಿಚೌಕ_ವಿಜಯಪುರ

ಭಾಳ ಉಪಕಾರ ಆಯ್ತು ಸರ್. ಅವ್ವನಿಗೆ ಮೊಣಕಾಲು ನೋವು, ಮರಳಿನಲ್ಲಿ ನಡೆಯಲು ಆಗಲ್ಲ. ಅವರಿಗೆ ಏನಾದರೂ?

ನಿವೃತ್ತ_ಗುಮಾಸ್ತ

ಬೆಳಿಗ್ಗೆ ಕದ್ರಿ ಮಂಜುನಾಥ. ಆಟೊ ಗುಡಿ ಬಾಗಿಲಿಗೇ ಹೋಗುತ್ತದೆ. ಅಲ್ಲಿನ ಲೋಕೇಶ್ವರನ ಕಂಚಿನ ಮೂರ್ತಿ ನೋಡದೆ ಬರಬೇಡಿ. ಆಳುಪ ರಾಜ ಕುಂದವರ್ಮ 968ರಲ್ಲಿ ಪ್ರತಿಷ್ಠೆ ಮಾಡಿಸಿದ್ದು. ನಮ್ಮ ಗೋಳಗುಮ್ಮಟಕ್ಕಿಂತ ಆರುನೂರು ವರ್ಷಕ್ಕೂ ಹಳೆಯದು. ಗುಡಿ ಹಿಂದೆ ಮೇಲಕ್ಕೆ ಹೋದರೆ ಕೆರೆಗಳಿವೆ, ಅಲ್ಲಿಗೆ ನೀವು ಮೂವರೇ ಹೋಗಿ ಬನ್ನಿ.

ರಾತ್ರಿಗೆ ಯಕ್ಷಗಾನ. ಡಿಸೆಂಬರ್‌ನಲ್ಲಿ ಮೇಳಗಳು ತಿರುಗಾಟದಲ್ಲಿ ಇರುತ್ತವೆ. ಕಟೀಲು ಮೇಳದ್ದು ಹರಕೆ ಆಟ. ಹರಕೆ ಹೊತ್ತವರು ಖರ್ಚು ಕೊಡುತ್ತಾರೆ, ನೋಡುವವರಿಗೆ ಟಿಕೆಟ್ ಇಲ್ಲ. ಗದ್ದೆಯಲ್ಲೋ ಶಾಲೆ ಮೈದಾನದಲ್ಲೋ ರಂಗಸ್ಥಳ, ಮುಂದೆ ಕುರ್ಚಿ. ಬಹಳ ಕಡೆ ಊಟವೂ ಹಾಕುತ್ತಾರೆ, ಪರಊರಿನವರು ಅಂತ ಸಂಕೋಚ ಬೇಡ. ಪದ್ಯ, ಮಾತು ಹೆಚ್ಚಾಗಿ ಕನ್ನಡದಲ್ಲೇ ಇರುತ್ತವೆ, ತುಳು ಬರಬೇಕಾಗಿಲ್ಲ. ವೇಷ ಕಟ್ಟುವ ಚೌಕಿ ಹಿಂದೆ ಇರುತ್ತದೆ. ಕೇಳಿಕೊಂಡು ಹುಡುಗನನ್ನು ಒಳಗೆ ಕರೆದುಕೊಂಡು ಹೋಗಿ. ಮುಖಕ್ಕೆ ಬಣ್ಣ ಬರೆಯೋದು ನೋಡುತ್ತಾ ನಿಂತರೆ ಅವನು ಮೊಬೈಲ್ ಕೇಳಲ್ಲ.

ಬಾಗಲಕೋಟೆ_ಹುಡುಗ

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ಬಯಲಾಟ ನೋಡಿ ಬೆಳೆದ ಅಜ್ಜಿಯಂದಿರಿಗೆ ಆಟ ಖಂಡಿತ ಹಿಡಿಸುತ್ತದೆ. ನಮ್ಮಜ್ಜಿ ಅಲ್ಲಾಡದೆ ಕೂತಿದ್ದರು, ನಿದ್ದೆ ಬಂದದ್ದು ನನಗೆ. ಚೆಂಡೆ ಪಕ್ಕದಲ್ಲಿ ಮಾತ್ರ ಕೂರಿಸಬೇಡಿ, ಕಿವಿ ಹೋಗುತ್ತದೆ.

ಬೆಳಿಗ್ಗೆ ಬೇಗ ಏಳುವವರಾದರೆ ಹಳೇ ಬಂದರಿನ ದಕ್ಕೆಗೂ ಹೋಗಿ. ಬೋಟುಗಳು ಬಂದು ಮೀನು ಹರಾಜು ನಡೆಯುತ್ತಿರುತ್ತದೆ. ಬಂಗುಡೆ, ಬೂತಾಯಿ ರಾಶಿ ರಾಶಿ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆಗ ಹೋದರೆ ಬರೀ ಕಟ್ಟಿ ಹಾಕಿದ ಬೋಟು ನೋಡಬೇಕು. ಡಿಸೆಂಬರ್ ಒಳ್ಳೇ ಕಾಲ.

ಗಾಂಧಿಚೌಕ_ವಿಜಯಪುರ

ನಾವು ಮೀನು ತಿನ್ನಲ್ಲ ರೀ, ಅವ್ವ ಮೂಗು ಮುಚ್ಚಿಕೊಂಡು ವಾಪಸ್ ರೈಲು ಹತ್ತುತ್ತಾರೆ! ಮಗನನ್ನು ಮಾತ್ರ ಕರೆದುಕೊಂಡು ಹೋಗ್ತೀನಿ. ಆಟ ಎಲ್ಲಿದೆ ಅಂತ ನೆಂಟರನ್ನು ಈಗಲೇ ವಿಚಾರಿಸಿಡುತ್ತೇನೆ.

ಬಾಗಲಕೋಟೆ_ಹುಡುಗ

ದಕ್ಕೆಗೆ ಹಳೇ ಚಪ್ಪಲಿ ಹಾಕಿ. ನೆಲವೆಲ್ಲ ಮಂಜುಗಡ್ಡೆ ನೀರು, ಜಾರುತ್ತದೆ. ಬುಟ್ಟಿ ಹೊತ್ತವರು ಕೂಗಿದರೆ ತಕ್ಷಣ ಪಕ್ಕಕ್ಕೆ ಸರಿಯಿರಿ, ಅವರು ನಿಲ್ಲಲ್ಲ.