ಅಪ್‌ಡೇಟ್: ಕೊನೆಗೆ ವಿನೋಬನಗರದಲ್ಲಿ ಮನೆ ಹಿಡಿದೆವು

ಶಿವಮೊಗ್ಗದಲ್ಲಿ ಬಾಡಿಗೆಗೆ ವಿದ್ಯಾನಗರವೋ ವಿನೋಬನಗರವೋ ಎಂದು ಕೇಳಿದ್ದ ನನಗೆ, ಮಳೆ ಹಿಡಿದಿರುವಾಗಲೇ ಮನೆ ನೋಡಿ ಎಂದು ಸಲಹೆ ಕೊಟ್ಟವರೆಲ್ಲರಿಗೂ ಕೃತಜ್ಞತೆಗಳು. ವಿದ್ಯಾನಗರದ ಮನೆಗೆ ಬಾಡಿಗೆ ಕಡಿಮೆಯಿತ್ತು, ತಮ್ಮನ ಸಹ್ಯಾದ್ರಿ ಕಾಲೇಜಿಗೂ ಹತ್ತಿರವಿತ್ತು. ಆದರೆ ಹೊಸ ಬಣ್ಣದ ಕೆಳಗೆ ಮೊಣಕಾಲೆತ್ತರದವರೆಗೆ ಗೋಡೆ ಉಬ್ಬಿ ಹುಡಿ ಉದುರುತ್ತಿದ್ದುದನ್ನೂ, ಗೋಡೆ ಬೀರುವಿನೊಳಗೆ ಬೂಷ್ಟು ಕಟ್ಟಿದ್ದುದನ್ನೂ ಕಂಡ ಮೇಲೆ, 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದೂ ನೆನಪಾಗಿ, ಉಬ್ಬಸವಿರುವ ಅಮ್ಮನನ್ನು ಅಲ್ಲಿ ಇರಿಸಲು ಮನಸ್ಸು ಒಪ್ಪಲಿಲ್ಲ. ವಿನೋಬನಗರದಲ್ಲಿ ಮಹಡಿ ಮನೆ ಸಿಕ್ಕಿದೆ. ಬಾಡಿಗೆ ತುಸು ಹೆಚ್ಚೇ, ಆದರೆ ಗೋಡೆಗಳು ಒಣಗಿವೆ, ಕೋಣೆಗಳಿಗೆ ಬಿಸಿಲು ಬೀಳುತ್ತದೆ, ನವುಲೆಯಲ್ಲಿರುವ ನನ್ನ ಕೆಲಸಕ್ಕೂ ದಾರಿ ಸಲೀಸು. ಖಾಲಿ ಮಾಡುವಾಗ ಬಣ್ಣದ ಖರ್ಚಿಗೆ ಎಷ್ಟು ಮುರಿದುಕೊಳ್ಳುತ್ತಾರೆಂಬುದನ್ನು 11 ತಿಂಗಳ ಕರಾರಿನಲ್ಲಿ ಬರೆಸಿಕೊಂಡ ನಂತರವೇ ಅಡ್ವಾನ್ಸ್ ಕೊಟ್ಟೆ.