ಡ್ರೈಯರ್‌ನ ಥರ್ಮಲ್ ಫ್ಯೂಸ್ ಎರಡನೆಯ ಬಾರಿ ಸುಟ್ಟಿದೆ: ಮೂಲ ಕಾರಣ ಎಲ್ಲಿರಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎಂಟು ವರ್ಷಗಳಿಂದ ಬಳಸುತ್ತಿರುವ ವಿದ್ಯುತ್ ಡ್ರೈಯರ್ ಇದೆ. ತೇವ ತುಂಬಿದ ಬಿಸಿ ಗಾಳಿಯನ್ನು ಕೊಳವೆಯ ಮೂಲಕ ಮನೆಯ ಹೊರಕ್ಕೆ ಬಿಡುವ ಮಾದರಿ ಅದು. ಕಳೆದ ತಿಂಗಳು ಒಂದು ದಿನ ಡ್ರಮ್ ಎಂದಿನಂತೆ ತಿರುಗುತ್ತಿದ್ದರೂ ಬಟ್ಟೆಗಳು ಒದ್ದೆಯಾಗಿ, ತಣ್ಣಗೆ ಹೊರಬಂದವು. ರಿಪೇರಿಗೆ ಬಂದವರು ಹಿಂಬದಿಯ ತಗಡನ್ನು ಬಿಚ್ಚಿ, ಥರ್ಮಲ್ ಫ್ಯೂಸ್ ಸುಟ್ಟಿರುವುದನ್ನು ಮೀಟರಿನಲ್ಲಿ ತೋರಿಸಿ, ಹೊಸದನ್ನು ಹಾಕಿಕೊಟ್ಟರು. ಹನ್ನೊಂದು ದಿನ ಯಂತ್ರ ಚೆನ್ನಾಗಿ ನಡೆಯಿತು. ಹನ್ನೆರಡನೆಯ ದಿನ ಮತ್ತೆ ಅದೇ ಕಥೆ.

ಈ ಬಾರಿ ಅವರು, ಫ್ಯೂಸನ್ನು ತೆಗೆದು ಎರಡು ವೈರುಗಳನ್ನು ನೇರವಾಗಿ ಸೇರಿಸಿಬಿಟ್ಟರೆ ಪದೇ ಪದೇ ಖರ್ಚು ಮಾಡುವುದು ತಪ್ಪುತ್ತದೆ ಎನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ. ನಾನು ಗಮನಿಸಿರುವ ಎರಡು ಸಂಗತಿಗಳನ್ನು ತಿಳಿಸುತ್ತೇನೆ. ಮೊದಲೆಲ್ಲ ಐವತ್ತು ನಿಮಿಷಗಳಲ್ಲಿ ಒಣಗುತ್ತಿದ್ದಷ್ಟೇ ಬಟ್ಟೆಗೆ ಕೆಲವು ತಿಂಗಳುಗಳಿಂದ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಆ ದಿನಗಳಲ್ಲಿ ಯಂತ್ರದ ಮೇಲ್ಭಾಗದ ಮೇಲೆ ಅಂಗೈ ಊರಲಾಗದಷ್ಟು ಬಿಸಿ ಇರುತ್ತಿತ್ತು. ಬಟ್ಟೆಯಿಂದ ಉದುರುವ ಹತ್ತಿಯಂಥ ಜುಂಗು, ಅಂದರೆ ಲಿಂಟ್, ಸೇರುವ ಜಾಲರಿಯನ್ನಂತೂ ಪ್ರತಿ ಸಲವೂ ತೆಗೆದು ಒರೆಸುತ್ತೇನೆ. ಫ್ಯೂಸ್ ಹೀಗೆ ಮತ್ತೆ ಮತ್ತೆ ಹೋಗುವುದಕ್ಕೆ ಏನು ಕಾರಣ? ವೈರುಗಳನ್ನು ಸೇರಿಸುವುದರಿಂದ ನಿಜಕ್ಕೂ ಅಪಾಯವಿದೆಯೇ?

ಮೊದಲ ಉತ್ತರ

ದಯವಿಟ್ಟು ಆ ವೈರುಗಳನ್ನು ಸೇರಿಸಲು ಬಿಡಬೇಡಿ. ಥರ್ಮಲ್ ಫ್ಯೂಸ್ ಸಾಮಾನ್ಯ ಫ್ಯೂಸಿನಂತೆ ಕರೆಂಟ್ ಹೆಚ್ಚಾದಾಗ ಸುಡುವಂಥದ್ದಲ್ಲ. ತನ್ನ ಸುತ್ತಲಿನ ಶಾಖ ಗೊತ್ತುಪಡಿಸಿದ ಮಟ್ಟವನ್ನು ಮೀರಿದಾಗ ಅದು ಒಮ್ಮೆಗೇ, ಶಾಶ್ವತವಾಗಿ ಸಂಪರ್ಕವನ್ನು ಕಡಿಯುತ್ತದೆ. ತಣ್ಣಗಾದ ಮೇಲೆ ಅದು ಮತ್ತೆ ಸೇರಿಕೊಳ್ಳುವುದಿಲ್ಲ. ಉಳಿದ ನಿಯಂತ್ರಣಗಳೆಲ್ಲ ಕೈಕೊಟ್ಟಾಗ ಮನೆಗೆ ಬೆಂಕಿ ಬೀಳದಂತೆ ಕಾಯುವ ಕೊನೆಯ ಭಾಗ ಅದು. ನಿಮ್ಮ ಫ್ಯೂಸ್ ಎರಡು ಬಾರಿಯೂ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಎಂದು ನನಗೆ ಅನ್ನಿಸುತ್ತದೆ. ಹುಡುಕಬೇಕಾದದ್ದು ಒಳಗೆ ಅಷ್ಟೊಂದು ಶಾಖ ಏಕೆ ಕೂಡಿತು ಎಂಬುದನ್ನು.

ಒಣಗಲು ಹೆಚ್ಚು ಹೊತ್ತು ಬೇಕಾಗುತ್ತಿತ್ತು, ಆದರೆ ಯಂತ್ರ ಮಾತ್ರ ವಿಪರೀತ ಬಿಸಿಯಾಗುತ್ತಿತ್ತು ಎಂದಿದ್ದೀರಿ. ಈ ಎರಡೂ ಲಕ್ಷಣಗಳು ಒಟ್ಟಿಗೆ ಕಂಡುಬಂದರೆ ಗಾಳಿಯ ದಾರಿ ಕಟ್ಟಿಕೊಂಡಿದೆ ಎಂದೇ ಮೊದಲು ಅನುಮಾನಿಸಬೇಕು. ಡ್ರೈಯರ್‌ನಲ್ಲಿ ಬಟ್ಟೆಯನ್ನು ಒಣಗಿಸುವುದು ಶಾಖವೊಂದೇ ಅಲ್ಲ. ಬಿಸಿ ಗಾಳಿ ಬಟ್ಟೆಯ ತೇವವನ್ನು ಹೀರಿಕೊಂಡು ಹೊರಗೆ ಹೋಗಬೇಕು, ಅದರ ಜಾಗಕ್ಕೆ ಒಣ ಗಾಳಿ ಬರಬೇಕು. ದಾರಿ ಕಟ್ಟಿದಾಗ ತೇವವೂ ಹೋಗುವುದಿಲ್ಲ, ಹೀಟರಿನ ಶಾಖವೂ ಹೋಗುವುದಿಲ್ಲ.

ನಿಮಗೆ ಒಂದು ಅನುಕೂಲವಿದೆ. ಫ್ಯೂಸ್ ಸುಟ್ಟಿದ್ದರೂ ನಿಮ್ಮ ಯಂತ್ರದ ಮೋಟಾರ್ ತಿರುಗುತ್ತಿರುವುದರಿಂದ, ಹೊಸ ಫ್ಯೂಸ್ ತರುವ ಮೊದಲೇ ಗಾಳಿಯನ್ನು ಪರೀಕ್ಷಿಸಬಹುದು. ಯಂತ್ರವನ್ನು ಚಾಲೂ ಮಾಡಿ, ಹೊರಗೋಡೆಯಲ್ಲಿ ಕೊಳವೆ ಕೊನೆಗೊಳ್ಳುವಲ್ಲಿಗೆ ಹೋಗಿ ನೋಡಿ. ಅಲ್ಲಿನ ಮುಚ್ಚಳದ ರೆಕ್ಕೆ ಪೂರ್ತಿ ಎದ್ದು ನಿಲ್ಲಬೇಕು, ಕೈಗೆ ಗಾಳಿ ಜೋರಾಗಿ ತಾಗಬೇಕು. ಅನಂತರ ಯಂತ್ರವನ್ನು ನಿಲ್ಲಿಸಿ, ಪ್ಲಗ್ ತೆಗೆದು, ಹಿಂದಿನ ಕೊಳವೆಯನ್ನು ಬಿಡಿಸಿ, ಮತ್ತೆ ಪ್ಲಗ್ ಹಾಕಿ ಒಂದೆರಡು ನಿಮಿಷ ನಡೆಸಿ ಯಂತ್ರದ ಬಾಯಿಯ ಬಳಿಯೇ ಕೈ ಹಿಡಿಯಿರಿ. ಅಲ್ಲಿ ಗಾಳಿ ಜೋರಾಗಿದ್ದು ಹೊರಗೆ ಮಂದವಾಗಿದ್ದರೆ ದೋಷ ಕೊಳವೆಯಲ್ಲಿದೆ. ಎರಡೂ ಕಡೆ ಮಂದವಾಗಿದ್ದರೆ ಜಾಲರಿ, ಅದರ ಗೂಡು ಅಥವಾ ಒಳಗಿನ ಫ್ಯಾನಿನಲ್ಲಿದೆ.

ಕೊಳವೆ ಯಾವ ಬಗೆಯದು ಎಂಬುದನ್ನೂ ನೋಡಿ. ಅಕಾರ್ಡಿಯನ್ನಿನಂತೆ ಮಡಚಿಕೊಳ್ಳುವ ಪ್ಲಾಸ್ಟಿಕ್ ಅಥವಾ ತೆಳು ಫಾಯಿಲ್ ಕೊಳವೆಯ ಪ್ರತಿ ಮಡಿಕೆಯಲ್ಲೂ ಲಿಂಟ್ ಕೂರುತ್ತದೆ. ಯಂತ್ರವನ್ನು ಗೋಡೆಗೆ ಸ್ವಲ್ಪ ಒತ್ತಿದರೂ ಅದು ಚಪ್ಪಟೆಯಾಗುತ್ತದೆ. ಸುಮಾರು 100 ಮಿಲಿಮೀಟರ್ ವ್ಯಾಸದ, ಒಳಮೈ ನುಣುಪಾಗಿರುವ ಗಟ್ಟಿ ಲೋಹದ ಕೊಳವೆಯೇ ಉತ್ತಮ. ಒಳಕ್ಕೆ ಚಾಚುವ ಸ್ಕ್ರೂಗಳಿಗೆ ಲಿಂಟ್ ಸಿಕ್ಕಿಕೊಳ್ಳುವುದರಿಂದ ಕೀಲುಗಳನ್ನು ಲೋಹದ ಟೇಪಿನಿಂದ ಸೇರಿಸಬೇಕು. ಹಕ್ಕಿ, ಇಲಿ ಬರಬಾರದೆಂದು ಹೊರತುದಿಗೆ ಸಣ್ಣ ಕಣ್ಣಿನ ಬಲೆ ಹಾಕುವವರಿದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಆ ಬಲೆ ಕೆಲವೇ ವಾರಗಳಲ್ಲಿ ಲಿಂಟ್‌ನಿಂದ ಮುಚ್ಚಿಹೋಗುತ್ತದೆ.

ಎರಡನೆಯ ಉತ್ತರ

ಮೇಲಿನ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಕೊಳವೆಯನ್ನು ನೋಡಿದ ಮೇಲೆ ವಿದ್ಯುತ್ತಿನ ಭಾಗವನ್ನೂ ಪರೀಕ್ಷಿಸಿ, ಏಕೆಂದರೆ ಗಾಳಿ ಸರಿಯಿದ್ದರೂ ಫ್ಯೂಸ್ ಸುಡುವ ಸಂದರ್ಭಗಳಿವೆ. ಬಿಚ್ಚುವ ಮೊದಲು ಪ್ಲಗ್ ತೆಗೆದಿರಬೇಕು. ಸ್ವಿಚ್ ಆರಿಸಿದರಷ್ಟೇ ಸಾಲದು. ಕೆಲವು ಮಾದರಿಗಳಲ್ಲಿ ಮೋಟಾರಿಗೆ ಕೆಪಾಸಿಟರ್ ಇರುತ್ತದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದಾದ್ದರಿಂದ ಅದರ ತುದಿಗಳನ್ನು ಮುಟ್ಟಬೇಡಿ.

ಮಲ್ಟಿಮೀಟರಿನಲ್ಲಿ ಯಾವ ಭಾಗವನ್ನು ಅಳೆಯುವಾಗಲೂ ಅದರ ಒಂದು ವೈರನ್ನಾದರೂ ಕಳಚಿರಬೇಕು, ಇಲ್ಲವಾದರೆ ಬೇರೆ ದಾರಿಯ ಮೂಲಕ ರೀಡಿಂಗ್ ಬಂದು ನಮ್ಮನ್ನು ದಾರಿ ತಪ್ಪಿಸುತ್ತದೆ. ಹೀಟರ್ ಕಾಯಿಲಿನ ಓಮ್ ಎಷ್ಟಿರಬೇಕು ಎಂಬುದನ್ನು ನೀವೇ ಲೆಕ್ಕ ಹಾಕಬಹುದು: ವೋಲ್ಟೇಜಿನ ವರ್ಗವನ್ನು ವ್ಯಾಟ್‌ನಿಂದ ಭಾಗಿಸಿ. 230 ವೋಲ್ಟಿನ 2000 ವ್ಯಾಟ್ ಹೀಟರಿಗೆ ಸುಮಾರು 26 ಓಮ್, 240 ವೋಲ್ಟಿನ 5400 ವ್ಯಾಟ್ ಹೀಟರಿಗೆ ಸುಮಾರು 10.7 ಓಮ್ ಬರುತ್ತದೆ. ಅನಂತರ ಕಾಯಿಲಿನ ಪ್ರತಿ ತುದಿಗೂ ಅದರ ಲೋಹದ ಪೆಟ್ಟಿಗೆಗೂ ನಡುವೆ ಅಳೆಯಿರಿ. ಅಲ್ಲಿ ಸಂಪರ್ಕವೇ ಇರಬಾರದು. ಹಳೆಯ ಕಾಯಿಲ್ ಜೋತುಬಿದ್ದೋ ತುಂಡಾಗಿಯೋ ಪೆಟ್ಟಿಗೆಯನ್ನು ಮುಟ್ಟುತ್ತಿದ್ದರೆ, 120 ವೋಲ್ಟಿನ ಎರಡು ಲೈನುಗಳನ್ನು ಬಳಸುವ ಯಂತ್ರಗಳಲ್ಲಿ ಥರ್ಮೋಸ್ಟ್ಯಾಟ್ ಕಡಿದ ಮೇಲೂ ಕಾಯಿಲಿನ ಒಂದು ಭಾಗ ಕಾಯುತ್ತಲೇ ಇರಬಹುದು. ಒಂದೇ ಲೈನಿನ ಸರಬರಾಜಿರುವ ಮನೆಯಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದಾಗ ಸರಬರಾಜನ್ನು ಕಡಿಯುವ ಸುರಕ್ಷಾ ಸ್ವಿಚ್, ಇದ್ದರೆ ಅದು ಟ್ರಿಪ್ ಆಗುತ್ತದೆ.

ಇನ್ನು ಥರ್ಮೋಸ್ಟ್ಯಾಟ್. ಇಲ್ಲಿಯೇ ಅನೇಕರು ಎಡವುತ್ತಾರೆ. ತಾಪವನ್ನು ಕಾಪಾಡಲು ಹೀಟರನ್ನು ಹಾಕಿ ತೆಗೆಯುವ ಥರ್ಮೋಸ್ಟ್ಯಾಟ್ ತಣ್ಣಗಿರುವಾಗ ಸೇರಿಕೊಂಡೇ ಇರುತ್ತದೆ, ಮೀಟರ್ ಸೊನ್ನೆ ಓಮ್ ತೋರಿಸುತ್ತದೆ, ಭಾಗ ಚೆನ್ನಾಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಒಳಗಿನ ಸಂಪರ್ಕಗಳು ಬೆಸೆದುಕೊಂಡು ಎಂದಿಗೂ ಬಿಡದಂತಾಗಿದ್ದರೂ ಮೀಟರ್ ಅದೇ ಸೊನ್ನೆಯನ್ನು ತೋರಿಸುತ್ತದೆ. ಅದು ಬಿಸಿಯಾದಾಗ ಬಿಡುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಆದ್ದರಿಂದ ಎರಡನೆಯ ಬಾರಿ ಫ್ಯೂಸ್ ಹಾಕುವಾಗ ಥರ್ಮೋಸ್ಟ್ಯಾಟನ್ನೂ ಜೊತೆಯಲ್ಲೇ ಬದಲಿಸುವುದು ಜಾಣತನವೆಂದು ನನ್ನ ಅಭಿಪ್ರಾಯ. ಹೊಸ ಫ್ಯೂಸಿನ ಮೈಮೇಲೆ ಅಚ್ಚಾಗಿರುವ ತಾಪಮಾನ ಮತ್ತು ಆಂಪಿಯರ್ ಎರಡೂ ಹಳೆಯದಕ್ಕೆ ಸರಿಹೊಂದಬೇಕು. ಹೆಚ್ಚು ತಾಪ ತಡೆಯುವುದನ್ನು ಹಾಕಿದರೆ ವೈರು ಸೇರಿಸಿದಷ್ಟೇ ತಪ್ಪಾಗುತ್ತದೆ.

ಮೂರನೆಯ ಉತ್ತರ

ಜಾಲರಿಯನ್ನು ಪ್ರತಿ ಸಲ ಒರೆಸುತ್ತೇನೆ ಎಂದು ಬರೆದಿದ್ದೀರಿ. ಒಂದು ಸಲ ಅದನ್ನು ನಲ್ಲಿಯ ಕೆಳಗೆ ಹಿಡಿದು ನೋಡಿ. ನೀರು ಸರಾಗವಾಗಿ ಇಳಿದುಹೋಗಬೇಕು. ಮೇಲೆಯೇ ನಿಂತರೆ, ಬಟ್ಟೆ ಮೃದುವಾಗಲೆಂದು ಬಳಸುವ ಸಾಫ್ಟ್‌ನರ್‌ನ ಮೇಣದಂಥ ಪೊರೆ ಕಣ್ಣಿಗೆ ಕಾಣದಂತೆ ಜಾಲರಿಯನ್ನು ಮುಚ್ಚಿದೆ ಎಂದೇ ಅರ್ಥ. ಬೆಚ್ಚಗಿನ ಸಾಬೂನು ನೀರಿನಲ್ಲಿ ಹಳೆಯ ಟೂತ್‌ಬ್ರಷ್‌ನಿಂದ ಮೆಲ್ಲಗೆ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ನಿಮ್ಮ ಯಂತ್ರ ತಾನಾಗಿಯೇ ತೇವವನ್ನು ಅರಿತು ನಿಲ್ಲುವ ಮಾದರಿಯಾಗಿದ್ದರೆ, ಡ್ರಮ್ಮಿನ ಬಾಯಿಯ ಬಳಿ ಇರುವ ಎರಡು ಲೋಹದ ಪಟ್ಟಿಗಳ ಮೇಲೂ ಇದೇ ಪೊರೆ ಕೂರುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಅವನ್ನು ಒರೆಸಿ, ಸ್ಪಿರಿಟ್ ಪೂರ್ತಿ ಆರಿದ ಮೇಲಷ್ಟೇ ಯಂತ್ರವನ್ನು ಚಾಲೂ ಮಾಡಿ.

ಪ್ರಶ್ನೆ ಕೇಳಿದವರ ಮರುಉತ್ತರ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನೀವು ಹೇಳಿದ ಕ್ರಮದಲ್ಲಿಯೇ ನೋಡಿದೆ. ಯಂತ್ರ ನಡೆಯುತ್ತಿದ್ದರೂ ಹೊರಗಿನ ಮುಚ್ಚಳದ ರೆಕ್ಕೆ ಅಲುಗಾಡಲೇ ಇಲ್ಲ. ಬೆರಳಿನಿಂದ ಎತ್ತಲು ಹೋದಾಗ ಅದು ಅಂಟಿಕೊಂಡಿರುವುದು ತಿಳಿಯಿತು. ತೇವ ಕುಡಿದು ಒಣಗಿದ ಲಿಂಟ್ ಕಂಬಳಿಯ ತುಂಡಿನಂತೆ ಗಟ್ಟಿಯಾಗಿ, ಬೂದು ಬಣ್ಣದ ಪದರವಾಗಿ ರೆಕ್ಕೆಯನ್ನು ಚೌಕಟ್ಟಿಗೆ ಹಿಡಿದಿಟ್ಟಿತ್ತು. ಯಂತ್ರವನ್ನು ಮುಂದಕ್ಕೆ ಎಳೆದು ನೋಡಿದರೆ ಫಾಯಿಲ್ ಕೊಳವೆ ಒಂದು ಕಡೆ ಎರಡು ಬೆರಳಿನಷ್ಟು ದಪ್ಪಕ್ಕೆ ಚಪ್ಪಟೆಯಾಗಿತ್ತು. ಅದರೊಳಗಿನಿಂದ ತೆಗೆದ ಲಿಂಟ್ ಒಂದು ದಿಂಬಿನ ಹೊದಿಕೆಯ ಅರ್ಧದಷ್ಟಾಯಿತು. ಜಾಲರಿಯ ಮೇಲೆ ನೀರು ಹನಿಹನಿಯಾಗಿ ನಿಂತಿದ್ದನ್ನು ಕಂಡಾಗ, ಇಷ್ಟು ವರ್ಷ ಸ್ವಚ್ಛವಾಗಿದೆ ಎಂದು ನಾನು ನಂಬಿದ್ದು ಎಂಥ ತಪ್ಪು ಎಂದು ಅರಿವಾಯಿತು.

ಗಟ್ಟಿ ಲೋಹದ ಕೊಳವೆ ಹಾಕಿಸಿದ್ದೇನೆ. ಕಾಯಿಲ್ 26.8 ಓಮ್ ತೋರಿಸಿತು, ಪೆಟ್ಟಿಗೆಗೆ ಸಂಪರ್ಕವಿಲ್ಲ. ಫ್ಯೂಸ್ ಮತ್ತು ಥರ್ಮೋಸ್ಟ್ಯಾಟ್ ಎರಡನ್ನೂ ಬದಲಿಸಿದ್ದಾಯಿತು. ಈಗ ಅಷ್ಟೇ ಬಟ್ಟೆ ಐವತ್ತೈದು ನಿಮಿಷಗಳಲ್ಲಿ ಒಣಗುತ್ತಿದೆ. ಮೊದಲ ಹತ್ತು ನಿಮಿಷ ಮಾತ್ರ ಸ್ವಲ್ಪ ಸುಟ್ಟ ವಾಸನೆ ಬರುತ್ತದೆ. ಅದು ಸಹಜವೇ?

ಮೊದಲ ಉತ್ತರ ಬರೆದವರಿಂದ

ತುಂಬ ಸಂತೋಷವಾಯಿತು. ಆದರೆ ಆ ವಾಸನೆಯನ್ನು ಸಹಜವೆಂದು ಬಿಡಬೇಡಿ. ಕಾರಣ ಗೊತ್ತಾಗುವವರೆಗೆ ಯಂತ್ರವನ್ನು ಬಳಸದಿರುವುದೇ ಒಳ್ಳೆಯದು. ತಿಂಗಳುಗಟ್ಟಲೆ ಗಾಳಿ ಕಟ್ಟಿದ್ದಾಗ ಲಿಂಟ್ ಕೊಳವೆಯಲ್ಲಷ್ಟೇ ಉಳಿಯದೆ ಯಂತ್ರದ ಹೊಟ್ಟೆಯೊಳಗೂ, ಹೀಟರ್ ಪೆಟ್ಟಿಗೆಯ ಸುತ್ತಲೂ ಹರಡಿರುತ್ತದೆ. ಪ್ಲಗ್ ತೆಗೆದು ಒಳಗೆಲ್ಲ ಮೃದು ಬ್ರಷ್ಷಿನಿಂದ ಸಡಿಲಿಸಿ, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಬೇಕು. ಊದಿದರೆ ಅದು ಇನ್ನೊಂದು ಮೂಲೆಯಲ್ಲಿ ಹೋಗಿ ಕೂರುತ್ತದೆ. ಫ್ಯಾನಿನ ರೆಕ್ಕೆಗಳ ನಡುವೆಯೂ, ಡ್ರಮ್ಮಿನ ಅಂಚಿನ ಫೆಲ್ಟ್ ಪಟ್ಟಿ ಸವೆದು ಸಂದು ಬಿಟ್ಟಿದೆಯೇ ಎಂದೂ ನೋಡಿ, ಏಕೆಂದರೆ ಆ ಸಂದಿನಿಂದಲೇ ಲಿಂಟ್ ಒಳಹೊಟ್ಟೆಗೆ ನುಸುಳುತ್ತದೆ. ಹೀಟರಿನ ವೈರು ಸಿಕ್ಕಿಸುವ ಲಗ್‌ಗಳನ್ನೂ ಪರೀಕ್ಷಿಸಿ. ಲಗ್ ಸಡಿಲವಾಗಿ, ಅದರ ಬಳಿಯ ವೈರಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿದ್ದರೆ ಹೊಸ ಲಗ್ ಒತ್ತಿಸಿ ಬಿಗಿ ಮಾಡಿಸಬೇಕು. ಈ ಕೆಲಸಗಳೆಲ್ಲ ಆದ ಮೇಲೂ ವಾಸನೆ ಬಂದರೆ ಪ್ಲಗ್ ತೆಗೆದಿಟ್ಟು, ಬಲ್ಲವರನ್ನು ಕರೆಸಿ.

ಅಡುಗೆ ಎಣ್ಣೆಯ ಅಥವಾ ಪೇಂಟ್ ಎಣ್ಣೆಯ ಕಲೆಯಿರುವ ಬಟ್ಟೆಯನ್ನು, ತೊಳೆದಿದ್ದರೂ ಎಣ್ಣೆ ಪೂರ್ತಿ ಹೋಗದಿದ್ದರೆ, ಡ್ರೈಯರ್‌ಗೆ ಹಾಕಬೇಡಿ. ಬಿಸಿಯಾದ ಎಣ್ಣೆ ಗಾಳಿಯೊಡನೆ ಬೆರೆತು ತಾನಾಗಿಯೇ ಕಾಯುತ್ತಾ ಹೋಗಿ, ಮಡಚಿಟ್ಟ ಬಟ್ಟೆಯ ನಡುವೆ ಹೊತ್ತಿಕೊಳ್ಳಬಲ್ಲದು. ಕೊನೆಯ ಕೆಲವು ನಿಮಿಷ ಯಂತ್ರ ಬಿಸಿಯಿಲ್ಲದೆ ತಿರುಗುವುದು ಬಟ್ಟೆ ತಣಿಯಲೆಂದೇ. ಅವಸರದಲ್ಲಿ ನಡುವೆ ನಿಲ್ಲಿಸಿದರೆ ಬಟ್ಟೆಯನ್ನು ಒಳಗೆ ಗುಡ್ಡೆಯಾಗಿ ಬಿಡದೆ ತಕ್ಷಣ ತೆಗೆದು ಹರಡಿ.