ಬೋಟಿನ ಟ್ರಾನ್ಸ್‌ಪಾಂಡರ್, ಖಲಾಸಿಯ ಮೊಬೈಲ್: ನಮ್ಮ ಮಾಹಿತಿ ಯಾರ ಕೈಯಲ್ಲಿ, ಎಷ್ಟು ದಿನ?

ಪ್ರಶ್ನೆ – ಬೈತಖೋಲದ ಬೋಟ್ ಮಾಲೀಕ, ಕಾರವಾರ

ಬೈತಖೋಲ ಬಂದರಿನಲ್ಲಿ ನಮ್ಮ ಕುಟುಂಬದ ಒಂದು ಟ್ರಾಲ್ ಬೋಟ್ ಇದೆ. ಮೀನುಗಾರಿಕಾ ಬೋಟುಗಳಿಗೆ ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್‌ನಲ್ಲಿ, 1 ಲಕ್ಷ ಬೋಟುಗಳ ಗುರಿಯೊಂದಿಗೆ ಚಾಲನೆ ಸಿಕ್ಕಿದ್ದು ಇಲ್ಲಿ ಅನೇಕರಿಗೆ ಗೊತ್ತಿರಬಹುದು. ಉಪಕರಣ ಉಚಿತ; ಹವಾಮಾನದ ಮುನ್ನೆಚ್ಚರಿಕೆ ಬರುತ್ತದೆ, ಅಪಾಯವಾದಾಗ ದಡಕ್ಕೆ ಸಂದೇಶ ಹೋಗುತ್ತದೆ. ಅಷ್ಟರ ಮಟ್ಟಿಗೆ ನನ್ನ ತಕರಾರಿಲ್ಲ. ಆದರೆ ಬೋಟ್ ಎಲ್ಲೆಲ್ಲಿ ಹೋಯಿತು, ಎಲ್ಲಿ ನಿಂತಿತು ಎಂಬುದೂ ಅದೇ ದಾರಿಯಲ್ಲಿ ದಡ ತಲುಪುತ್ತದೆಯಲ್ಲ. ಮೀನು ಬಿದ್ದ ಜಾಗವನ್ನು ಸ್ವಂತ ತಮ್ಮನ ಬೋಟಿಗೂ ವಯರ್‌ಲೆಸ್‌ನಲ್ಲಿ ಹೇಳದ ತಾಂಡೇಲರು (ಬೋಟ್ ನಡೆಸುವವರು) ಇರುವ ಊರು ನಮ್ಮದು. ಆ ದಾಖಲೆಯನ್ನು ಯಾರು ನೋಡುತ್ತಾರೆ, ಎಷ್ಟು ವರ್ಷ ಇಟ್ಟುಕೊಳ್ಳುತ್ತಾರೆ ಎಂದು ಕೇಳಿದರೆ ಬಂದರಿನಲ್ಲಿ ಯಾರಿಂದಲೂ ಸರಿಯಾದ ಉತ್ತರ ಸಿಗಲಿಲ್ಲ.

ಇನ್ನೊಂದು ಸಂಗತಿ. ಇತ್ತೀಚೆಗೆ ಕಾಗದಪತ್ರಗಳ ತಪಾಸಣೆಗೆ ಬಂದವರು, ಒಡಿಶಾದಿಂದ ಬಂದಿರುವ ನಮ್ಮ ಖಲಾಸಿಯೊಬ್ಬನ ಮೊಬೈಲ್ ಇಸಿದುಕೊಂಡು, ಲಾಕ್ ತೆಗೆಸಿ, ಫೋಟೊಗಳನ್ನು ಒಂದೊಂದಾಗಿ ನೋಡಿದರು. ಅವನ ಹೆಂಡತಿಯ ಫೋಟೊ, ಮನೆಗೆ ಕಳಿಸಿದ ಹಣದ ಫೋನ್‌ಪೇ ಸ್ಕ್ರೀನ್‌ಶಾಟ್, ಆಧಾರ್ ಕಾರ್ಡಿನ ಚಿತ್ರ, ಎಲ್ಲವೂ ಅವರ ಬೆರಳಿನಡಿ ಸರಿದವು. ಅವನ ಮೇಲೆ ಯಾವ ದೂರೂ ಇರಲಿಲ್ಲ. ನೌಕಾನೆಲೆ ಇರುವ ಊರಿನಲ್ಲಿ ಬಿಗಿ ಇರಲೇಬೇಕು, ಒಪ್ಪುತ್ತೇನೆ. ಆದರೆ ಈ ಎರಡರಲ್ಲಿ ಯಾವುದಕ್ಕಾದರೂ ಕಾನೂನಿನಲ್ಲಿ ಮಿತಿ ಇದೆಯೇ? ಯಾರಾದರೂ ನ್ಯಾಯಾಧೀಶರು ಇದನ್ನು ನೋಡುತ್ತಾರೆಯೇ?

ಉತ್ತರ 1 – ವಕೀಲ, ಶಿರಸಿ

ಮೊದಲು ಮೊಬೈಲಿನ ವಿಷಯ ಹೇಳುತ್ತೇನೆ, ಏಕೆಂದರೆ ಅಲ್ಲಿ ನಿಮ್ಮ ಕೈಯಲ್ಲಿ ಹಿಡಿಯಲು ಏನಾದರೂ ಇದೆ. 2021ರ ಮಾರ್ಚ್‌ನಲ್ಲಿ ನಮ್ಮ ಹೈಕೋರ್ಟ್ ಕೊಟ್ಟ ತೀರ್ಪಿನ ಪ್ರಕಾರ ತನಿಖಾಧಿಕಾರಿ ಆರೋಪಿಯ ಬಳಿ ಪಾಸ್‌ವರ್ಡ್ ಕೇಳಬಹುದು. ಆತ ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಿ ಶೋಧನಾ ವಾರಂಟ್ ಪಡೆಯಬೇಕು. ಪಾಸ್‌ವರ್ಡ್ ಕೊಡುವುದರಿಂದ ಸ್ವತಃ ತನ್ನ ವಿರುದ್ಧ ಸಾಕ್ಷ್ಯ ಹೇಳಿದಂತಾಗುವುದಿಲ್ಲ ಎಂದೂ ಅದೇ ತೀರ್ಪು ಹೇಳಿದೆ, ಆದ್ದರಿಂದ ಅದು ಪೂರ್ತಿ ನಮ್ಮ ಪರವಾಗಿದೆ ಎಂದು ತಿಳಿಯಬೇಡಿ. ಆದರೂ ಅದೆಲ್ಲ ಪ್ರಕರಣ ದಾಖಲಾದ ಮೇಲಿನ ಮಾತು. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ–ವಿಡಿಯೊ ಮೂಲಕ ದಾಖಲಿಸಬೇಕು. ದೂರಿಲ್ಲದೆ, ಕಾರಣ ಬರೆಯದೆ, ಬಂದರಿನ ಕಟ್ಟೆಯ ಮೇಲೆ ನಿಂತು ಒಬ್ಬನ ಗ್ಯಾಲರಿ ನೋಡುವುದಕ್ಕೆ ಇದರಲ್ಲಿ ಎಲ್ಲಿಯೂ ಆಧಾರ ಕಾಣುವುದಿಲ್ಲ. ಖಲಾಸಿ ಅದನ್ನು ಬಾಯಿಬಿಟ್ಟು ಹೇಳುವ ಸ್ಥಿತಿಯಲ್ಲಿ ಇರುತ್ತಾನೆಯೇ ಎಂಬುದು ಬೇರೆ ಪ್ರಶ್ನೆ. ಅಂಥ ಸಂದರ್ಭದಲ್ಲಿ ಮಾಲೀಕರಾದ ನೀವೇ ಮುಂದೆ ನಿಂತು, ಬಂದವರ ಹೆಸರು ಮತ್ತು ಠಾಣೆಯನ್ನು ಸೌಜನ್ಯದಿಂದ ಕೇಳಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನ್ಯಾಯಾಧೀಶರು ನೋಡುತ್ತಾರೆಯೇ ಎಂದು ಕೇಳಿದ್ದೀರಿ. ಕರೆ ಮತ್ತು ಸಂದೇಶಗಳ ಕದ್ದಾಲಿಕೆಯ ಮಟ್ಟಿಗೆ ಉತ್ತರ ‘ಇಲ್ಲ’ ಎಂದೇ. ರಾಜ್ಯದಲ್ಲಿ ಆದೇಶ ಕೊಡುವವರು ಗೃಹ ಕಾರ್ಯದರ್ಶಿ, ಅದನ್ನು ಪರಿಶೀಲಿಸುವುದು ಮುಖ್ಯ ಕಾರ್ಯದರ್ಶಿಯ ಅಧ್ಯಕ್ಷತೆಯ ಸಮಿತಿ. ತುರ್ತು ಎಂದಾದರೆ ಹಿರಿಯ ಪೊಲೀಸ್ ಅಧಿಕಾರಿಯೇ ಆದೇಶ ಕೊಟ್ಟು, ಏಳು ಕೆಲಸದ ದಿನಗಳೊಳಗೆ ದೃಢೀಕರಣ ಪಡೆದರೆ ಸಾಕು. ಆದೇಶದ ಆಯುಷ್ಯ 60 ದಿನ, ವಿಸ್ತರಿಸುತ್ತಾ 180 ದಿನದವರೆಗೆ ಒಯ್ಯಬಹುದು. 1996ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯವಸ್ಥೆಯನ್ನು ರೂಪಿಸಿದಾಗ, ಮುಂಚಿತವಾಗಿ ನ್ಯಾಯಾಂಗದ ಅನುಮತಿ ಬೇಕೆಂಬ ವಾದವನ್ನು, ಅದಕ್ಕೆ ಕಾಯ್ದೆ ಇಲ್ಲವೆಂಬ ಕಾರಣಕ್ಕೆ ಒಪ್ಪಲಿಲ್ಲ. 2023ರಲ್ಲಿ 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಹೊಸ ದೂರಸಂಪರ್ಕ ಕಾಯ್ದೆ ಬಂದಾಗ ಆ ಕೊರತೆ ತುಂಬಲು ಒಳ್ಳೆಯ ಅವಕಾಶವಿತ್ತು. ಅಧಿಕಾರಿ ಬರೆದದ್ದನ್ನು ಅಧಿಕಾರಿಯೇ ತಿದ್ದುವ ಪದ್ಧತಿ ಹಾಗೆಯೇ ಮುಂದುವರಿಯಿತು. ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ದೋಷ.

ಉತ್ತರ 2 – ದೂರವಾಣಿ ಇಲಾಖೆಯ ನಿವೃತ್ತ ನೌಕರ, ಸಿದ್ದಾಪುರ

ವಕೀಲರ ಮಾತಿಗೆ ನಮ್ಮ ಜಿಲ್ಲೆಯದೇ ಒಂದು ನೆನಪನ್ನು ಸೇರಿಸಬೇಕು. ನಮ್ಮ ತಾಲ್ಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಆರೋಪದ ಹಿನ್ನೆಲೆಯಲ್ಲಿ. ಕದ್ದಾಲಿಕೆಯ ಆರೋಪಕ್ಕೆ ಒಂದು ಕುರ್ಚಿ ಹೋಗುತ್ತಿದ್ದ ಕಾಲ ಅದು. 2019ರಲ್ಲಿ ಇದೇ ರಾಜ್ಯದ ಫೋನ್ ಕದ್ದಾಲಿಕೆ ಸಿಬಿಐ ತನಿಖೆಗೆ ಹೋಯಿತು. 2021ರಲ್ಲಿ ಫೋನಿನೊಳಗೆ ನುಸುಳುವ ಪೆಗಾಸಸ್ ಎಂಬ ಬೇಹುಗಾರಿಕಾ ತಂತ್ರಾಂಶದ ಸುದ್ದಿ ಬಂದು, ನಿವೃತ್ತ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಹೇಳಲಾಗಲಿಲ್ಲ, ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ತಿಳಿಸಿತು. ಅದಕ್ಕಾಗಿ ಯಾರೂ ಯಾವ ಸ್ಥಾನವನ್ನೂ ಬಿಡಲಿಲ್ಲ.

ಕೆಲಸದ ರೀತಿಯೂ ಬದಲಾಗಿದೆ. ಲ್ಯಾಂಡ್‌ಲೈನ್ ಕಾಲದಲ್ಲಿ ಒಂದು ನಂಬರಿಗೆ ಕಿವಿ ಕೊಡಬೇಕೆಂದರೆ ಎಕ್ಸ್‌ಚೇಂಜಿನ ಫ್ರೇಮಿನ ಮುಂದೆ ನಿಂತು ಆ ಜೋಡಿ ತಂತಿಗೆ ಇನ್ನೊಂದು ಜೋಡಿ ಸೇರಿಸಬೇಕಿತ್ತು. ಕನಿಷ್ಠ ಒಬ್ಬ ಲೈನ್‌ಮನ್‌ಗಾದರೂ ಅದು ಗೊತ್ತಾಗುತ್ತಿತ್ತು. ನಂತರ ಕಂಪನಿಯ ನೋಡಲ್ ಅಧಿಕಾರಿಗೆ ಪತ್ರ ಹೋಗುವ ಕ್ರಮ ಬಂತು. ಕೇಂದ್ರೀಯ ನಿಗಾ ವ್ಯವಸ್ಥೆ, ಅಂದರೆ ಸಿಎಂಎಸ್, ಆ ಮಧ್ಯದ ಮನುಷ್ಯನನ್ನೂ ತೆಗೆದುಹಾಕಲೆಂದೇ ಕಟ್ಟಿದ್ದು. ಇದರಿಂದ ಗುಟ್ಟು ಸೋರುವುದು ತಪ್ಪುತ್ತದೆ ಎಂಬುದು ಸರ್ಕಾರದ ಸಮರ್ಥನೆ, ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಆದರೆ ಅಕ್ರಮ ಆದೇಶ ಬಂದಾಗ ‘ಕಾಗದ ಎಲ್ಲಿ ಸ್ವಾಮಿ?’ ಎಂದು ಕೇಳುವ ಒಬ್ಬ ಗುಮಾಸ್ತನೂ ಆ ದಾರಿಯಲ್ಲಿ ಉಳಿಯುವುದಿಲ್ಲ.

ವಾಟ್ಸ್‌ಆ್ಯಪ್ ಸಂದೇಶ ಗೂಢಲಿಪಿಯಲ್ಲಿದೆ, ಆದ್ದರಿಂದ ಚಿಂತೆಯಿಲ್ಲ ಎನ್ನುವವರಿಗೂ ಒಂದು ಮಾತು. ಯಾರು ಯಾರಿಗೆ ಯಾವಾಗ ಕರೆ ಮಾಡಿದರು, ಯಾವ ಟವರಿನಡಿ ಇದ್ದರು ಎಂಬ ದಾಖಲೆಯನ್ನು ದೂರಸಂಪರ್ಕ ಕಂಪನಿಗಳು ಎರಡು ವರ್ಷ ಇಡಬೇಕೆಂದು 2021ರ ಡಿಸೆಂಬರ್‌ನಲ್ಲಿ ನಿಯಮವಾಗಿದೆ. ಹಿಂದೆ ಅದು ಒಂದು ವರ್ಷವಿತ್ತು. ಮಾತು ಕೇಳಿಸದಿದ್ದರೂ ಮನುಷ್ಯನ ದಿನಚರಿ ಅದರಲ್ಲೇ ಸಿಗುತ್ತದೆ.

ಉತ್ತರ 3 – ತದಡಿ, ಕುಮಟಾ ತಾಲ್ಲೂಕು

ಹಿರಿಯರಿಬ್ಬರ ಮಾತಿಗೂ ಗೌರವವಿದೆ, ಆದರೆ ಸಮುದ್ರದ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ನಮ್ಮ ಜಿಲ್ಲೆಯವರು. ಅವಶೇಷ ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರದ ತಳದಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ. ಅಷ್ಟು ತಿಂಗಳು ಆ ಮನೆಗಳವರು ದಡದಲ್ಲಿ ಕಾದದ್ದನ್ನು ನೋಡಿದವರಾರೂ ಟ್ರಾನ್ಸ್‌ಪಾಂಡರ್ ಬೇಡ ಎನ್ನಲಾರರು. ಸೀಬರ್ಡ್ ನೌಕಾನೆಲೆಯ ಮಾಹಿತಿ ಸೋರಿಕೆಯ ಪ್ರಕರಣದಲ್ಲಿ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ದಳ ನಮ್ಮ ಜಿಲ್ಲೆಯಲ್ಲೇ ಬಂಧನ ಮಾಡಿದ್ದನ್ನೂ ಮರೆಯುವಂತಿಲ್ಲ. ನಿಗಾ ಬೇಕೇ ಬೇಕು.

ಹಾಗೆಂದು ಖಲಾಸಿಯ ಹೆಂಡತಿಯ ಫೋಟೊ ನೋಡಿದ್ದರಿಂದ ನೌಕಾನೆಲೆ ಭದ್ರವಾಯಿತು ಎಂದು ನಾನೂ ನಂಬುವುದಿಲ್ಲ.

ಉತ್ತರ 4 – ವಕೀಲ, ಶಿರಸಿ

ತದಡಿಯವರೇ, ಉಪಕರಣ ಬೇಡವೆಂದು ಇಲ್ಲಿ ಯಾರೂ ಹೇಳಿಲ್ಲ. 2017ರ ಆಗಸ್ಟ್ 24ರಂದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿದಾಗಲೂ, ಸರ್ಕಾರ ನಿಗಾ ಇಡಲೇಬಾರದು ಎನ್ನಲಿಲ್ಲ. ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣವಿರಬೇಕು ಎಂದಿತು. ಜೀವ ಉಳಿಸಲು ಬೋಟ್ ಈ ಹೊತ್ತು ಎಲ್ಲಿದೆ ಎಂದು ತಿಳಿದರೆ ಸಾಕು. ಮೂರು ವರ್ಷದ ಹಿಂದೆ ಎಲ್ಲಿ ಬಲೆ ಬಿಟ್ಟಿತ್ತು ಎಂಬುದಕ್ಕೂ ಆ ಉದ್ದೇಶಕ್ಕೂ ಸಂಬಂಧವಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಲ್ಲಿ ಹೆಚ್ಚು ನೆರವಿಗೆ ಬರುವುದಿಲ್ಲ, ಏಕೆಂದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಕೇಂದ್ರ ಸರ್ಕಾರ ತನ್ನ ಯಾವುದೇ ಸಂಸ್ಥೆಯನ್ನು ಅದರಿಂದ ಹೊರಗಿಡಬಹುದು ಎಂದು 17ನೇ ಕಲಮೇ ಹೇಳುತ್ತದೆ.

ಆದರೆ ಮೀನುಗಾರಿಕೆ ಇಲಾಖೆ ಗುಪ್ತಚರ ಸಂಸ್ಥೆಯಲ್ಲ, ಮಾಹಿತಿ ಹಕ್ಕಿನ ವ್ಯಾಪ್ತಿಯೊಳಗೇ ಇದೆ. ಬೈತಖೋಲದವರು ಹತ್ತು ರೂಪಾಯಿ ಶುಲ್ಕ ಕಟ್ಟಿ ಒಂದು ಅರ್ಜಿ ಹಾಕಲಿ: ಟ್ರಾನ್ಸ್‌ಪಾಂಡರ್ ಕಳಿಸುವ ಸ್ಥಾನದ ದಾಖಲೆಯನ್ನು ಎಷ್ಟು ಕಾಲ ಇಡಲಾಗುತ್ತದೆ, ಯಾವ ಯಾವ ಇಲಾಖೆಗಳಿಗೆ ಕೊಡಲಾಗುತ್ತದೆ, ಹಾಗೆ ಕೊಡುವುದಕ್ಕೆ ಇರುವ ಆದೇಶದ ಪ್ರತಿ ಎಲ್ಲಿದೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ‘ಅಂಥ ಆದೇಶ ಲಭ್ಯವಿಲ್ಲ’ ಎಂದು ಬಂದರೂ ಅದನ್ನು ಜೋಪಾನವಾಗಿಡಿ, ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಅದೇ ಮೊದಲ ದಾಖಲೆಯಾಗುತ್ತದೆ.

ಪ್ರಶ್ನೆ ಕೇಳಿದವರಿಂದ

ಧನ್ಯವಾದಗಳು. ಅರ್ಜಿಯನ್ನು ನನ್ನೊಬ್ಬನ ಹೆಸರಿನಲ್ಲಿ ಹಾಕುವುದಕ್ಕಿಂತ ಬೇರೆ ಬೋಟುಗಳ ಮಾಲೀಕರೂ ತಮ್ಮ ತಮ್ಮ ಹೆಸರಿನಲ್ಲಿ ಹಾಕಿದರೆ ಒಳ್ಳೆಯದೆಂದು ಕಾಣುತ್ತದೆ. ಮಳೆಗಾಲದ ನಿಷೇಧ ಆರಂಭವಾಗಿ ಎಲ್ಲರೂ ದಡದಲ್ಲಿರುವಾಗ ಈ ಮಾತನ್ನು ಎತ್ತುತ್ತೇನೆ. ವಕೀಲರು ಅರ್ಜಿಯ ಒಕ್ಕಣೆಯನ್ನು ಇಲ್ಲಿಯೇ ಹಾಕಿದರೆ ಹೊನ್ನಾವರ, ಭಟ್ಕಳದ ಕಡೆಯವರಿಗೂ ಉಪಯೋಗವಾದೀತು.